ಬಿಸಿಲಿಗಿಟ್ಟ ಶೆಲ್ಲು ಮತ್ತು ಒಂದು ಪವರ್ ಸಪ್ಲೈ

ಅಜ್ಜಂಪುರದ ನಮ್ಮ ಮನೆಯ ತಾರಸಿಗೆ ಮೊನ್ನೆ ಒಗೆದ ಬಟ್ಟೆ ತೆಗೆಯಲು ಹೋದಾಗ, ಸಂಡಿಗೆ ಒಣಗಿಸುವ ಮೊರದಲ್ಲಿ ನಾಲ್ಕು ಬ್ಯಾಟರಿ ಶೆಲ್ಲುಗಳು ಸಾಲಾಗಿ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಟಾರ್ಚಿಗೂ ರೇಡಿಯೋಗೂ ಹಾಕುವ ದಪ್ಪನೆಯವು. ಪುಸ್ತಕದಲ್ಲಿ ಅದಕ್ಕೆ ಸೆಲ್ ಎಂದಿರಬಹುದು. ಯಗಟಿಯಲ್ಲಿ ಬೆಳೆದವರಿಗೆ ಅದು ಶೆಲ್ಲು. ವರ್ಷಗಟ್ಟಲೆ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಊರವರ ಕಾಗುಣಿತ ತಿದ್ದಿದ ನಾನೂ ಆ ಒಂದನ್ನು ತಿದ್ದಲು ಹೋಗಿಲ್ಲ.

ಕಂಡದ್ದನ್ನು ಮೊದಲು ಬರೆ, ಊಹೆಯನ್ನು ಆಮೇಲೆ ನೋಡೋಣ ಎನ್ನುವುದು ಡೆಸ್ಕಿನ ಪಾಠ. ಕಂಡದ್ದು ಇಷ್ಟು: ಶೆಲ್ಲು, ಮೊರ, ಕಾಗೆ ಬರದಿರಲೆಂದು ಪಕ್ಕದ ಕಂಬಿಗೆ ಕಟ್ಟಿದ್ದ ಕಪ್ಪು ಬಟ್ಟೆ. ಊಹೆಗೆ ಕೆಲಸವೇ ಇರಲಿಲ್ಲ. ನಮ್ಮ ವಂಶದಲ್ಲಿ ಇಂಥದ್ದು ಮಾಡುವವರು ಒಬ್ಬರೇ, ನನ್ನ ತಾಯಿಯ ತಂಗಿ ನಿಂಗಮ್ಮ. ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ಕೆಳಗೆ ಬಂದರೆ ಕಪ್ಪು ಕನ್ನಡಕ ಹಾಕಿಕೊಂಡು, ಏನೂ ಅರಿಯದವಳಂತೆ ಹುರಳಿಕಾಯಿ ನಾರು ತೆಗೆಯುತ್ತಿದ್ದಾಳೆ.

"ಚಿಕ್ಕಮ್ಮಾ, ಮೆಟ್ಲು ಹತ್ಬೇಡ ಅಂತ ಡಾಕ್ಟ್ರು ಹೇಳಿರಲಿಲ್ವಾ?"

"ಬಗ್ಬೇಡ ಅಂದ್ರು. ಹತ್ಬೇಡ ಅಂದ್ರಾ? ನೀನೇ ಪಕ್ದಲ್ಲಿದ್ದೆ, ಹೇಳು."

ಡಾಕ್ಟರು ಹತ್ತಬೇಡ ಎಂದಿರಲಿಲ್ಲ.

"ಹೊಸಾ ಶೆಲ್ಲು ಅಂತೀಯ. ಹಾಕಿದ್ ಗಳಿಗೇಲೇ ಸುಸ್ತಾಗ್ಬಿಟ್ಟಿದ್ವು ಕಣೇ ಪಾಪ. ಅದ್ಕೆ ಒಂದೀಟು ಬಿಸಿಲಿಗಿಟ್ಟೆ."

ಶೆಲ್ಲುಗಳು ಸುಸ್ತಾದದ್ದಕ್ಕೆ ಕಾರಣ ನಡುಮನೆಯ ಮೇಜಿನ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೂತಿತ್ತು. ಅದು ಚಿಕ್ಕಮ್ಮನ ರೇಡಿಯೋ. ಆಸ್ಪತ್ರೆಯಿಂದ ನಮ್ಮ ಮನೆಗೆ ಬರುವಾಗ ಅವಳು ತಂದದ್ದು ಎರಡು ಸೀರೆ, ಕಣ್ಣಿಗೆ ಬಿಡುವ ಔಷಧಿ ಮತ್ತು ಇದು. ಟಿವಿ ನೋಡುವ ಹಾಗಿಲ್ಲ, ಒಲೆಯ ಮುಂದೆ ಕೂರುವ ಹಾಗಿಲ್ಲ, ಕುರಿ ರೊಪ್ಪದ ಧೂಳಿಗೆ ಹೋಗುವ ಹಾಗಿಲ್ಲ. ಉಳಿದದ್ದು ಕಿವಿ. ಆ ಕಿವಿಗೆ ಬೇಕಾದ ರೇಡಿಯೋ ಮಾತ್ರ ಬಾಯಿ ಮುಚ್ಚಿತ್ತು.

ಬಾಯಿ ಮುಚ್ಚಿಸಿದವನು ಅವಳ ಮಗ ಬಸವರಾಜ. ಒಳ್ಳೆಯವನು, ಹೆತ್ತವಳಿಗೆ ಒಳ್ಳೆಯದನ್ನೇ ಮಾಡಲು ಹೋಗಿದ್ದ. ಆಸ್ಪತ್ರೆಗೆ ಹೊರಡುವ ಮೊದಲು ಯಗಟಿಯ ಮನೆಯಲ್ಲಿ ಶೆಲ್ಲು ಮುಗಿದಿತ್ತು. ತೋಟಕ್ಕೆ ಔಷಧಿ ಹೊಡೆಯುವ ಕ್ಯಾನಿನಲ್ಲಿ ಈಗ ಬ್ಯಾಟರಿ ಇರುತ್ತದಲ್ಲ, ಅದರಿಂದ ಎರಡು ವೈರು ಎಳೆದು ರೇಡಿಯೋಗೆ ಕೊಟ್ಟಿದ್ದ. ತಾಯಿಯನ್ನು ಬಿಡಲು ಬಂದಾಗ ನಾನು ವಿಚಾರಿಸಿದೆ.

"ರೇಡಿಯೋಗೆ ಬೇಕಾದ್ದು ಆರು ವೋಲ್ಟು ಕಣೋ. ನಿನ್ ಕ್ಯಾನಿಂದು ಹನ್ನೆರಡು."

"ಅದು ಗೊತ್ತಿತ್ತು ಅಕ್ಕಾ. ಅವ್ವಂಗೆ ಕಿವೀನೂ ಸ್ವಲ್ಪ ಮಂದ ಆಗೈತಲ್ಲ, ಡಬಲ್ ಕೊಟ್ರೆ ಡಬಲ್ ಜೋರಾಗಿ ಕೇಳ್ಸುತ್ತೆ ಅಂತ..."

"ಕೇಳ್ಸಿತಾ?"

"ಕೇಳ್ಸಿತು. ಒಂದೇ ಒಂದ್ಸಲ 'ಕೊಂಯ್' ಅಂತು. ಆಮೇಲೆ ವಾಸನೆ ಬಂತು."

"ನನ್ ಕಿವಿ ಮಂದ ಅಂತೆ!" ಚಿಕ್ಕಮ್ಮ ಒಳಗಿನಿಂದ ಕೂಗಿದಳು. "ನೀನು ಬೈಕ್ ತಗೊಂಡು ಸಂತೇಗೆ ಹೋಗ್ತೀನಿ ಅಂತ ಪಂಚನಹಳ್ಳೀಗೆ ಕಾರ್ಡಾಡಕ್ ಹೋಗಾದು ನಂಗೆ ಕೇಳ್ಸಲ್ವೇನ್ಲಾ?"

ಬಸವರಾಜ ಕಾಫಿ ಕುಡಿಯದೆ ಹೊರಟುಹೋದ.

ಹೊಸ ಶೆಲ್ಲು ಹಾಕಿ ನೋಡಿದೆ. ರೇಡಿಯೋ ಗುಂಯ್ ಎಂದಿತೇ ಹೊರತು ಮಾತಾಡಲಿಲ್ಲ. ಶೆಲ್ಲುಗಳು ಮುಟ್ಟಿದರೆ ಬಿಸಿ. ಒಳಗೆಲ್ಲೋ ಏನೋ ಸೋರುತ್ತಿದೆ, ಎಷ್ಟು ಕರೆಂಟು ಕೊಟ್ಟರೂ ಅಲ್ಲಿ ಕುಡಿದುಬಿಡುತ್ತಿದೆ. ಕಡೂರಿನ ರಿಪೇರಿ ಅಂಗಡಿಯವರಿಗೆ ತೋರಿಸಿದರೆ, "ಮೇಡಂ, ಇದರ ಟ್ರಾನ್ಸಿಸ್ಟರ್ ಈಗೆಲ್ಲೂ ಸಿಗಲ್ಲ. ಇನ್ನೊಂದ್ಸಲ ತಪ್ಪಾಗಿ ಕರೆಂಟ್ ಕೊಟ್ರೆ ಅದೂ ಹೋಗುತ್ತೆ, ಆಮೇಲೆ ಡಬ್ಬಾನೇ ಗತಿ" ಎಂದರು. ಚಿಕ್ಕಮ್ಮ ಮುಂದಿನ ತಪಾಸಣೆ ಮುಗಿಸಿ ಯಗಟಿಗೆ ಹೊರಡುವವಳು. ಅಷ್ಟರೊಳಗೆ ಅದು ಮಾತಾಡಬೇಕು, ಮತ್ತು ಮಾತಾಡಿಸುವ ಪ್ರಯತ್ನದಲ್ಲಿ ಸಾಯಬಾರದು.

ಇಷ್ಟಕ್ಕೇ ಯಾಕೆ ತಲೆ ಕೆಡಿಸಿಕೊಂಡೆ ಎಂದು ನೀವು ಕೇಳಬಹುದು. ಅದಕ್ಕೆ ನಾನು ಸ್ವಲ್ಪ ಯಗಟಿಗೆ ಹೋಗಿ ಬರಬೇಕು.

ನನ್ನ ಊರಿನಲ್ಲಿ ಮಾಧ್ಯಮಿಕ ಶಾಲೆ ಇರಲಿಲ್ಲವಾದ್ದರಿಂದ ನನ್ನನ್ನು ಯಗಟಿಗೆ, ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಆ ಬೀದಿಯಲ್ಲಿ ರೇಡಿಯೋ ಇದ್ದ ಮನೆ ಅದು, ಇದೇ ರೇಡಿಯೋ. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಮುಂದೆ ನಿಂತು ಆ ದಿನದ ವಾರ್ತೆ ಓದುವ ಪದ್ಧತಿ. ಮನೆಯಲ್ಲಿ ರೇಡಿಯೋ ಇರುವ ಏಕೈಕ ಅರ್ಹತೆಯ ಮೇಲೆ ಹೆಡ್‌ಮಾಸ್ತರರು ಆ ಕೆಲಸವನ್ನು ನನಗೆ ಕೊಟ್ಟರು. ಬೆಳಗಿನ ವಾರ್ತೆ ಕೇಳುತ್ತಾ ಸ್ಲೇಟಿನ ಮೇಲೆ ಗೀಚಿಕೊಂಡು, ಅಳಿಸಿಹೋಗದಂತೆ ಎರಡು ಕೈಯಲ್ಲಿ ಅಂಗಾತ ಹಿಡಿದುಕೊಂಡು ಶಾಲೆಗೆ ಓಡಬೇಕು. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದರೆ ಪ್ರಧಾನಮಂತ್ರಿಯ ಅರ್ಧ ಭಾಷಣ ಲಂಗಕ್ಕೆ ಒರೆಸಿಹೋಗುತ್ತಿತ್ತು. ಉಳಿದರ್ಧವನ್ನು ಓದುತ್ತಿದ್ದೆ. ಮುಂದೆ ಡೆಸ್ಕಿನಲ್ಲೂ ಸುಮಾರು ಅದನ್ನೇ ಮಾಡಿದೆ.

ಚಿಕ್ಕಮ್ಮನ ಮನೆಯಲ್ಲಿ ರೇಡಿಯೋಗೆ ಕಟ್ಟುನಿಟ್ಟಿನ ಕಾಯಿದೆ ಇತ್ತು. ವಾರ್ತೆ ಮುಗಿಯಿತೋ, ಗುಂಡಿ ತಿರುವಬೇಕು. ವಾರ್ತೆಯ ಹಿಂದೆಯೇ ಹಾಡು ಬರುತ್ತಿತ್ತು. ಆ ಹಾಡಿನ ಮೊದಲು ಬರುವ ಪಿಟೀಲನ್ನು ನಾನು ಸಾವಿರ ಸಲ ಕೇಳಿದ್ದೇನೆ, ಹಾಡನ್ನು ಕೇಳಿಲ್ಲ. ಪಿಟೀಲು ಎದ್ದ ಕೂಡಲೇ ಅಡುಗೆಮನೆಯಿಂದ ಧ್ವನಿ ಬರುತ್ತಿತ್ತು: "ವಾರ್ತೆ ಆತಲ್ಲ, ತಿರುವೇ. ಶೆಲ್ಲು ಯಾರಪ್ಪನ ಮನೇದು?"

ಶೆಲ್ಲು ಕುಗ್ಗುತ್ತ ಬಂದಂತೆ ವಾರ್ತೆ ಓದುವವರ ಗಂಟಲೂ ಕುಗ್ಗುತ್ತಿತ್ತು. ಆಗ ಚಿಕ್ಕಮ್ಮ ಅವನ್ನು ತೆಗೆದು, ಹೆಂಚಿನ ಮೇಲೆ ಕೊಬ್ಬರಿ ಒಣಗುವ ಕಡೆ ಸಾಲಾಗಿ ಇಡುತ್ತಿದ್ದಳು. ಸಂಜೆ ತಂದು ಹಾಕಿದರೆ ಗಂಟಲು ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು. ಒಂದು ಸಲ ಕೊಬ್ಬರಿ ತುಂಬಿಕೊಳ್ಳಲು ಬಂದ ವ್ಯಾಪಾರಿ ಕೊಬ್ಬರಿಯ ಜೊತೆ ಶೆಲ್ಲನ್ನೂ ಮೂಟೆಗೆ ಸುರಿದುಕೊಂಡು ಹೊರಟುಬಿಟ್ಟ. ಚಿಕ್ಕಮ್ಮ ಗಾಡಿಯ ಹಿಂದೆ ಓಡಿದಳು. ಬೀದಿಯವರೆಲ್ಲ ಕೊಬ್ಬರಿ ತೂಕದಲ್ಲಿ ಮೋಸವಾಯಿತೆಂದು ಅವಳ ಹಿಂದೆ ಓಡಿದರು. ಊರ ಬಾಗಿಲಲ್ಲಿ ಮೂಟೆ ಬಿಚ್ಚಿಸಿ, ಅಷ್ಟು ಜನರ ಮುಂದೆ ಅವಳು ಎತ್ತಿ ಹಿಡಿದದ್ದು ನಾಲ್ಕು ಸುಸ್ತಾದ ಶೆಲ್ಲು. "ಇದಕ್ಕಾ ತಾಯಿ ಈ ಪಾಟಿ ಓಡ್ಬಂದಿದ್ದು?" ಎಂದು ವ್ಯಾಪಾರಿ ಕೇಳಿದನಂತೆ. "ನಾಳೆ ಬೆಳಿಗ್ಗೆ ವಾರ್ತೆ ನೀನ್ ಬಂದು ಓದ್ತೀಯಾ?" ಎಂದಳಂತೆ ಇವಳು. ಅಂತೆ ಎಂದು ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಆಗ ಶಾಲೆಯಲ್ಲಿದ್ದೆ. ಮೂರು ಕಡೆಯಿಂದ ಖಚಿತಪಡಿಸಿಕೊಂಡಿದ್ದೇನೆ.

ಈಗ ಮೇಜಿಗೆ ಬರೋಣ. ಕೆಲಸದಿಂದ ನಿವೃತ್ತಳಾದ ಮೇಲೆ ಹಳೆಯ ರೇಡಿಯೋ ಬಿಚ್ಚಿ ಜೋಡಿಸುವ ಚಟ ಹತ್ತಿಸಿಕೊಂಡಿದ್ದೇನೆ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯುತ್ತವೆ. ನಮ್ಮ ಮನೆಯವರು ಅವನ್ನು ಒಂದು ಬಾಟಲಿಯಲ್ಲಿ ಕೂಡಿಟ್ಟು, ನೆಂಟರು ಬಂದಾಗ ತೋರಿಸುತ್ತಾರೆ. ಇಷ್ಟು ದಿನ ಎಲಿಮಿನೇಟರ್ ಎಂಬ ಸಣ್ಣ ಡಬ್ಬಿಯಲ್ಲಿ ಕಾಲ ತಳ್ಳಿದ್ದೆ. ಅದು ಗೋಡೆಯ ಕರೆಂಟನ್ನು ಇಳಿಸಿ ಶೆಲ್ಲಿನಂತೆ ಕೊಡುತ್ತದೆ, ಆದರೆ ಕೇಳಿದವರಿಗೆ ಕೇಳಿದಷ್ಟು ಕೊಡುವ ಸ್ವಭಾವ. ಒಳಗೆ ಸೋರುವ ರೇಡಿಯೋಗೆ ಅಂಥ ದಾನಿ ಅಪಾಯ. ನನಗೆ ಬೇಕಾದದ್ದು ಎರಡು ಗುಂಡಿ ಇರುವ ಪವರ್ ಸಪ್ಲೈ. ಒಂದು ಗುಂಡಿ ಎಷ್ಟು ವೋಲ್ಟು ಎಂದು ನಿಶ್ಚಯಿಸುತ್ತದೆ. ಇನ್ನೊಂದು, ಏನೇ ಆದರೂ ಇದಕ್ಕಿಂತ ಹೆಚ್ಚು ಕರೆಂಟು ಹರಿಯಬಾರದು ಎಂಬ ಮಿತಿ ಹಾಕುತ್ತದೆ.

ಕಡೂರಿನ ಅಂಗಡಿಯವರ ಹತ್ತಿರವೇ ಒಂದಿತ್ತು. ಹೊಸದು, ಟಿಫನ್ ಡಬ್ಬಿಯಷ್ಟು ಹಗುರ, ಹಸಿರು ಅಂಕಿಗಳು ಮಿನುಗುವ ಚೆಲುವೆ. "ಮನೆಗೆ ತಗೊಂಡೋಗಿ ನೋಡಿ ಮೇಡಂ, ಹಿಡಿಸಿದ್ರೆ ಆಮೇಲೆ ಮಾತು" ಎಂದು ಕೊಟ್ಟರು. ಪರಿಚಯದ ಮೇಲೆ ಹಾಗೆ ಕೊಡುವ ಅಂಗಡಿಗಳು ನಮ್ಮ ಕಡೆ ಇನ್ನೂ ಇವೆ, ಅದು ನನ್ನ ಭಾಗ್ಯ. ಚಿಕ್ಕಮ್ಮನ ರೇಡಿಯೋಗೆ ಕೈಹಾಕುವ ಮೊದಲು, ಚೆನ್ನಾಗಿ ಮಾತಾಡುತ್ತಿದ್ದ ನನ್ನ ಇನ್ನೊಂದು ರೇಡಿಯೋಗೆ ಜೋಡಿಸಿದೆ. ಮಾತಿನ ಮೇಲೆ ಸಾಸಿವೆ ಸಿಡಿದಂತೆ ಸದ್ದು. ಈ ಹಗುರದ ಜಾತಿಯವು ಒಳಗೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಹೊಲಿಯುತ್ತವೆ. ಆ ಕತ್ತರಿಯ ಸದ್ದು ಮೊಬೈಲಿಗೆ ಕೇಳಿಸುವುದಿಲ್ಲ, ಆಕಾಶವಾಣಿ ಬರುವ ಮೀಡಿಯಂ ವೇವಿಗೆ ಕೇಳಿಸುತ್ತದೆ.

ಚಿಕ್ಕಮ್ಮ ಅದನ್ನು ಎತ್ತಿ, ತೆಂಗಿನಕಾಯಿ ನೋಡುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಇದ್ರಲ್ಲಿ ಏನೂ ಇಲ್ಲ ಕಣೇ. ಜೊಳ್ಳು."

ಅವಳ ವಿಧಾನ ಬೇರೆ, ನನ್ನದು ಬೇರೆ, ತೀರ್ಮಾನ ಒಂದೇ. ಅದನ್ನು ಕಡೂರಿಗೆ ಹಿಂದಿರುಗಿಸಿ ಬಂದೆ.

ಮಾರನೆಯ ದಿನ ತರೀಕೆರೆಗೆ ಹೋದೆ. ಅಲ್ಲಿ ಧರ್ಮಪಾಲ್ ಇದ್ದಾರೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಡೆಸ್ಕಿಗೆ ಹೋಗುವ ಮೊದಲು ತರೀಕೆರೆಯ ವರದಿಗಾರ್ತಿಯಾಗಿದ್ದಾಗ, ಸುದ್ದಿಯನ್ನು ಟ್ರಂಕ್ ಕಾಲಿನಲ್ಲಿ ಪತ್ರಿಕೆಯ ಕಚೇರಿಗೆ ಓದಿ ಹೇಳಬೇಕಿತ್ತು. ಮಳೆ ಬಂದರೆ ಲೈನು ಗೊರಗೊರ. ನಾನು ಹೇಳಿದ್ದು ಆ ತುದಿಗೆ ಕೇಳಿಸದು. ಆಗ ಧರ್ಮಪಾಲ್ ಮಧ್ಯೆ ಕೂತು, ನನ್ನ ಒಂದೊಂದು ವಾಕ್ಯವನ್ನೂ ತಮ್ಮ ಗಟ್ಟಿ ಗಂಟಲಿನಲ್ಲಿ ಆ ಕಡೆಗೆ ದಾಟಿಸುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ. ನನ್ನ ಹೆಸರಿನಲ್ಲಿ ಅಚ್ಚಾದ ಎಷ್ಟೋ ಸುದ್ದಿಗಳು ಅವರ ಗಂಟಲಿನಿಂದ ಹೋದವು. ನಡುನಡುವೆ ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು ಎಂಬುದು ಬೇರೆ ಮಾತು. ಡೆಸ್ಕಿನಲ್ಲಿ ಅದನ್ನು ಹೊಡೆದುಹಾಕುತ್ತಿದ್ದರು.

ಅವರ ಮನೆಯಲ್ಲಿ ಬುದ್ಧನ ಪಟದ ಕೆಳಗೇ ಕೆಲಸದ ಮೇಜು. ಬೆಳಗಿನ ವಂದನೆ ಮುಗಿಸಿ ಕೂತಿದ್ದರು.

"ಏನ್ ಪ್ರೆಸ್ಸಮ್ಮಾ, ದಾರಿ ತಪ್ಪಿ ಬಂದ್ರಾ?"

ನಾನು ಬಂದ ಕಾರಣ ಹೇಳಿದೆ. ಮೂವತ್ತು ವೋಲ್ಟು, ಹತ್ತು ಆಂಪಿಯರ್ ಇರುವ ದೊಡ್ಡದನ್ನೇ ತರಿಸಿಬಿಡೋಣ ಅಂತಿದ್ದೇನೆ ಎಂದೂ ಹೇಳಿದೆ. ಕೊಳ್ಳುವಾಗ ದೊಡ್ಡದನ್ನೇ ಕೊಳ್ಳುವುದು ನನ್ನ ದೌರ್ಬಲ್ಯ. ಇಬ್ಬರೇ ಇರುವ ಮನೆಯಲ್ಲಿ ಮದುವೆ ಮನೆಯ ಕುಕ್ಕರ್ ಇದೆ.

"ಹತ್ತು ಆಂಪಿಯರ್ರಾ! ಮನೇಲಿ ಬಸ್ ಸ್ಟಾರ್ಟ್ ಮಾಡ್ತೀರಾ? ರೇಡಿಯೋಗೆ ಅದ್ರಲ್ಲಿ ಚಿಟಿಕೆ ಸಾಕು. ನೀವು ನೋಡ್ಬೇಕಾದ್ದು ಎಷ್ಟು ಜಾಸ್ತಿ ಕೊಡುತ್ತೆ ಅಂತಲ್ಲ, ಎಷ್ಟು ಕಮ್ಮೀಲಿ ನಿಲ್ಲುತ್ತೆ ಅಂತ."

ಮೂಲೆಯಲ್ಲಿದ್ದ ಬೂದು ಬಣ್ಣದ ಪೆಟ್ಟಿಗೆಯನ್ನು ಎಳೆದರು. ಒಳಗೆ ತಾಮ್ರ ಸುತ್ತಿದ ದಪ್ಪ ಟ್ರಾನ್ಸ್‌ಫಾರ್ಮರ್, ಮುಂದೆ ಎರಡು ಗುಂಡಿ, ಎರಡು ಮುಳ್ಳಿನ ಮೀಟರು, ಒಂದು ಕೆಂಪು ದೀಪ. ಅಂಕಿಗಳಿಲ್ಲ, ಚೆಲುವಿಲ್ಲ. ಆನ್ ಮಾಡಿ, ಕೆಂಪು ವೈರು ಕಪ್ಪು ವೈರು ಎರಡನ್ನೂ ಒಂದಕ್ಕೊಂದು ಮುಟ್ಟಿಸಿಬಿಟ್ಟರು. ನಾನು ಹಿಂದೆ ಸರಿದೆ. ಕಿಡಿ ಹಾರಲಿಲ್ಲ, ಹೊಗೆ ಬರಲಿಲ್ಲ. ವೋಲ್ಟಿನ ಮುಳ್ಳು ಸೊನ್ನೆಗೆ ಮಲಗಿತು, ಕೆಂಪು ದೀಪ ಹತ್ತಿತು, ಅಷ್ಟೇ.

"ನೋಡಿ, ಜಗಳಕ್ಕೆ ಬಂದವ್ರಿಗೂ ಇಷ್ಟೇ ಕೊಡೋದು. ಹೆದರೋದೂ ಇಲ್ಲ, ಸುಡೋದೂ ಇಲ್ಲ."

ನನಗೆ ನಮ್ಮ ಮುಖ್ಯ ಉಪಸಂಪಾದಕರು ನೆನಪಾದರು. ಊರೇ ಹೊತ್ತಿ ಉರಿದಂತೆ ನಾನು ಬರೆದುಕೊಂಡು ಹೋದ ಎಷ್ಟೋ ಸುದ್ದಿಗಳನ್ನು ಅವರು ಕನ್ನಡಕದ ಮೇಲಿಂದ ನೋಡಿ, "ಒಂದು ಕಾಲಂ. ಅಷ್ಟೇ" ಎನ್ನುತ್ತಿದ್ದರು. ಆ ದಿನಗಳಲ್ಲಿ ಅವರನ್ನು ಮನಸ್ಸಿನಲ್ಲೇ ಏನೇನೋ ಅಂದುಕೊಂಡಿದ್ದೇನೆ. ಮಿತಿಯ ಗುಂಡಿ ಅವರ ಕೈಯಲ್ಲಿ ಇಲ್ಲದಿದ್ದರೆ ನನ್ನಿಂದ ಯಾರ್ಯಾರ ಮನೆಯ ಮರ್ಯಾದೆ ಸುಟ್ಟುಹೋಗುತ್ತಿತ್ತೋ.

"ಇಂಥದ್ದು ಎಲ್ಲಿ ಸಿಗುತ್ತೆ ಧರ್ಮಪಾಲ್ ಅವ್ರೇ?"

"ಇಲ್ಲೇ. ತಗೊಂಡ್ಹೋಗಿ. ನನ್ ಕೈ ಈಗ ನಡುಗುತ್ತೆ, ಬೆಸುಗೆ ಕೂರಲ್ಲ. ಇಲ್ಲಿ ಧೂಳು ಕುಡಿಯೋ ಬದ್ಲು, ಅಲ್ಲಿ ನಿಮ್ ಚಿಕ್ಕಮ್ಮಂಗೆ ವಾರ್ತೆ ಓದ್ಲಿ. ಎಷ್ಟ್ ಸಲ ನಿಮ್ ಸುದ್ದಿ ದಾಟ್ಸಿಲ್ಲ, ಇದೊಂದ್ಸಲ."

ಪವರ್ ಸಪ್ಲೈ ಆರಿಸುವುದು ಹೇಗೆಂದು ನನ್ನನ್ನು ಯಾರಾದರೂ ಕೇಳಿದರೆ, ನಾನು ಆರಿಸಲೇ ಇಲ್ಲ, ಅದು ನನ್ನ ಕೈಗೆ ಬಂತು ಎನ್ನುವುದೇ ಪ್ರಾಮಾಣಿಕ ಉತ್ತರ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ, ಬುಕ್ಕಾಂಬುಧಿಗೆ ಹೋಗುವ ಪಕ್ಕದ ಸೀಟಿನ ಹೆಂಗಸು, "ರುಬ್ಬೋ ಕಲ್ಲೇನಕ್ಕಾ?" ಎಂದು ಕೇಳಿದಳು. ಹೌದು ಎಂದೆ. ತೂಕದ ಮಟ್ಟಿಗೆ ಅದು ಸುಳ್ಳಲ್ಲ.

ಮನೆಗೆ ತಂದಿಟ್ಟ ಕೂಡಲೇ ಚಿಕ್ಕಮ್ಮ ಎತ್ತಿ ಅಲ್ಲಾಡಿಸಲು ನೋಡಿದಳು. ಆಗಲಿಲ್ಲ.

"ಹೂಂ. ಇದು ಕಾಯಿ" ಎಂದಳು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಮೇಜಿನ ಮುಂದೆ ಕೂತೆವು. ನಾನು ರೇಡಿಯೋದ ಬೆನ್ನು ಬಿಚ್ಚಿದೆ. ಚಿಕ್ಕಮ್ಮ ಕಪ್ಪು ಕನ್ನಡಕದಲ್ಲಿ ಎದುರಿಗೆ ಕೂತು, ಕಾಣದಿದ್ದರೂ ನೋಡುತ್ತಿದ್ದಳು.

"ಲೇ, ಸತ್ತಿದ್ರೆ ಸತ್ತಿದೆ ಅನ್ನು. ನಂಗೆ ಬೇಜಾರಾಗುತ್ತೆ ಅಂತ ಎಳೀಬೇಡ."

"ಸುಮ್ನಿರು ಚಿಕ್ಕಮ್ಮಾ."

ಮಿತಿಯ ಗುಂಡಿಯನ್ನು ತೀರಾ ಕೆಳಗೆ ಇಟ್ಟೆ. ವೋಲ್ಟಿನ ಗುಂಡಿಯನ್ನು ಸೊನ್ನೆಯಿಂದ ಉಗುರಿನಷ್ಟು ಉಗುರಿನಷ್ಟು ತಿರುಗಿಸಿದೆ. ಮುಳ್ಳು ಒಂದಕ್ಕೆ ಬಂತು, ಎರಡರ ಹತ್ತಿರ ಬಂತು, ಅಲ್ಲೇ ನಿಂತಿತು. ಕೆಂಪು ದೀಪ ಹತ್ತಿತು. ಎಷ್ಟು ತಿರುಗಿಸಿದರೂ ಮುಳ್ಳು ಮೇಲೇಳಲಿಲ್ಲ. ಒಳಗಿನ ಸೋರುವ ಜಾಗ ಕೇಳುತ್ತಲೇ ಇತ್ತು, ಪೆಟ್ಟಿಗೆ ಕೊಡುತ್ತಿರಲಿಲ್ಲ. ಎಲಿಮಿನೇಟರ್ ಆಗಿದ್ದರೆ ಆ ಕ್ಷಣಕ್ಕೆ ಹೊಗೆ ಎದ್ದಿರುತ್ತಿತ್ತು.

ಹಾಗೇ ಬಿಟ್ಟು ಕಾದೆ. ಸೋರುವ ಜಾಗ ಬೆಚ್ಚಗಾಗಲೇಬೇಕು. ಒಂದೊಂದೇ ಭಾಗದ ಮೇಲೆ ಬೆರಳಿಟ್ಟು ನೋಡುತ್ತ ಹೋದೆ, ಜ್ವರ ಬಂದ ಮಕ್ಕಳ ಹಣೆ ಮುಟ್ಟುವ ಹಾಗೆ. ಟ್ರಾನ್ಸಿಸ್ಟರುಗಳು ತಣ್ಣಗಿದ್ದವು. ಉಸಿರು ಬಂತು. ಕರೆಂಟು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಬೆಚ್ಚಗಿತ್ತು.

"ಇಲ್ಲಿದೆ ನೋಡು ಚಿಕ್ಕಮ್ಮಾ, ಬಸವರಾಜ ಕೊಟ್ಟ ಡಬಲ್ ವೋಲ್ಟು ಇಲ್ಲಿ ಹೊಡ್ದಿರೋದು."

"ಮುಟ್ಲಾ?"

ಅವಳ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟೆ. "ಹೂಂ ಕಣೇ, ಕಾವು ಬಂದೈತೆ" ಎಂದಳು. ಬಿಸಿಲಿಗಿಟ್ಟ ಶೆಲ್ಲುಗಳನ್ನು ಸಂಜೆ ಮುಟ್ಟಿ ನೋಡುತ್ತಿದ್ದ ಅದೇ ಬೆರಳು.

ಅದೊಂದು ಕೆಪಾಸಿಟರನ್ನು ಬದಲಿಸಿದೆ. ನನ್ನ ಬೆಸುಗೆ ನೋಡಲು ಚೆನ್ನಾಗಿರುವುದಿಲ್ಲ, ಹಿಡಿದುಕೊಳ್ಳುತ್ತದೆ. ಮತ್ತೆ ಸೊನ್ನೆಯಿಂದ ತಿರುಗಿಸಿದೆ. ಎರಡು ದಾಟಿತು. ಮೂರು, ನಾಲ್ಕು. ಕೆಂಪು ದೀಪ ಹತ್ತಲಿಲ್ಲ. ಐದರ ಹತ್ತಿರ ರೇಡಿಯೋ ಕೆಮ್ಮಿತು. ಆರಕ್ಕೆ ಬರುವಾಗ, ಎಲ್ಲಿಯೋ ಒಬ್ಬರು ಬಹಳ ಹೊತ್ತಿನಿಂದ ಮಾತಾಡುತ್ತಲೇ ಇದ್ದು ನಾವೇ ಈಗ ಬಾಗಿಲು ತೆಗೆದೆವೇನೋ ಎಂಬಂತೆ, ಒಂದು ವಾಕ್ಯದ ನಡುವಿನಿಂದ ವಾರ್ತೆ ಶುರುವಾಯಿತು.

ಚಿಕ್ಕಮ್ಮ ಸೆರಗಿನಿಂದ ಕನ್ನಡಕದ ಕೆಳಗೆ ಒರೆಸಿಕೊಂಡಳು.

"ಕಣ್ಣು ಉಜ್ಬೇಡ ಅಂದಿದ್ದಾರೆ."

"ಉಜ್ಲಿಲ್ಲ, ಒರೆಸ್ಕೊಂಡೆ. ವಾರ್ತೆ ಕೇಳು."

ಇಬ್ಬರೂ ಕೇಳಿದೆವು. ವಾರ್ತೆ ಮುಗಿಯಿತು. ಹಿಂದೆಯೇ ಪಿಟೀಲು ಎದ್ದಿತು. ನನ್ನ ಕೈ ತಾನಾಗಿಯೇ ರೇಡಿಯೋದ ಗುಂಡಿಗೆ ಹೋಯಿತು. ಯಗಟಿಯ ಕಾಯಿದೆ, ಈ ವಯಸ್ಸಿನಲ್ಲೂ ಕೈಯಲ್ಲಿ ಉಳಿದಿತ್ತು.

"ಯಾಕೇ ತಿರುವ್ತೀಯಾ? ಇರ್ಲಿ ಬಿಡು."

"ನೀನೇ ತಾನೆ ಹಾಡು ಬ್ಯಾಡ ಅಂತಿದ್ದೆ?"

"ನಂಗ್ಯಾಕೆ ಬ್ಯಾಡ ಆಗುತ್ತೆ? ನಮ್ಮಪ್ಪ ಈ ರೇಡಿಯೋ ಕೊಡ್ಸಿದ್ದೇ ನಂಗೆ ಹಾಡಿನ ಹುಚ್ಚು ಅಂತ." ಅವಳು ಹಾಡಿನ ಕಡೆಗೇ ತಲೆ ವಾಲಿಸಿ ಹೇಳಿದಳು. "ಹಾಡು ಕೇಳ್ತಾ ಕೂತಿದ್ರೆ ನಿನ್ ವಾರ್ತೆಗೆ ಶೆಲ್ಲು ಎಲ್ಲಿಂದ ತರಾದು? ಹೆಣ್ಮಗು ಅಷ್ಟು ಜನದ ಮುಂದೆ ನಿಂತು ಓದ್ಬೇಕು. ಬರೀ ಸ್ಲೇಟ್ ಹಿಡ್ಕೊಂಡು ಹೋಗಕಾಗುತ್ತಾ?"

ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ನನ್ನ ಊಟಕ್ಕೆ, ನನ್ನ ಹೆಸರಿಗೆ ದಾರಿಯಾದ ಕಸುಬು ಆ ಸ್ಲೇಟಿನಿಂದ ಶುರುವಾದದ್ದು. ಅದಕ್ಕೆ ಕರೆಂಟು ಎಲ್ಲಿಂದ ಬಂತೆಂದು ನಾನು ಒಂದು ದಿನವೂ ವಿಚಾರಿಸಿರಲಿಲ್ಲ.

ಪಿಟೀಲು ಮುಗಿದು ಹಾಡು ಶುರುವಾಯಿತು. ಕರೆಂಟಿನ ಮೀಟರಿನ ಮುಳ್ಳು ಹಾಡಿನ ಜೊತೆ ತೂಗುತ್ತಿತ್ತು. ಧ್ವನಿ ಏರಿದರೆ ಏರುವುದು, ಇಳಿದರೆ ಇಳಿಯುವುದು. ಚಿಕ್ಕಮ್ಮ ಸ್ವಲ್ಪ ಹೊತ್ತು ಕೇಳಿ, ಪೆಟ್ಟಿಗೆಯ ಕಡೆ ಕೈ ತೋರಿಸಿದಳು.

"ಎಷ್ಟ್ ತಿಂತೈತೆ ಅದು?"

"ಏನಿಲ್ಲ ಚಿಕ್ಕಮ್ಮಾ. ಚೂರು."

"ಹಂಗಾದ್ರೆ ಇನ್ನೊಂಚೂರು ಜೋರು ಮಾಡೇ."

ನಾನು ಮೊದಲು ಮಿತಿಯ ಗುಂಡಿಯನ್ನು ಸಡಿಲಿಸಿದೆ. ಆಮೇಲೆ ಹಾಡನ್ನು ಜೋರು ಮಾಡಿದೆ.